"ಅಷ್ಟು ಜನರ ಮುಂದೆ ಮಾತಾಡೋದು ಹೆಂಗೆ ಕಲ್ತೆ?" – ಎಲ್ಲರೂ ಕೇಳೋ ಪ್ರಶ್ನೆಗೆ ನನ್ನ ಉತ್ತರ

ನಮ್ಮೂರು ಸಾಗರಕ್ಕೆ ಹೋದಾಗ, ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕನ್ನಡ ಕೂಟದ ಯುಗಾದಿ ಊಟದ ಸಾಲಲ್ಲಿ ನಿಂತಾಗ, ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ, ಎಲ್ಲಾ ಕಡೆ ನಂಗೆ ಬರೋದು ಒಂದೇ ಪ್ರಶ್ನೆ. "ನಾಲ್ಕು ಜನ ನೆಂಟರು ಬಂದ್ರೆ ಅಡುಗೆಮನೆ ಬಿಟ್ಟು ಹೊರಗೆ ಬರ್ದೇ ಇದ್ದವಳು ನೀನು, ಈಗ ಮೈಕ್ ಹಿಡ್ಕೊಂಡು ಇಂಗ್ಲಿಷಲ್ಲಿ ಅಷ್ಟು ಜನರ ಮುಂದೆ ಮಾತಾಡ್ತೀಯಲ್ಲ, ಹೆಂಗೆ ಕಲ್ತೆ? ಭಯ ಆಗಲ್ವಾ?" ಊಟದ ಸಾಲಲ್ಲಿ ಸರಿಯಾಗಿ ಉತ್ತರ ಕೊಡೋಕೆ ಆಗಲ್ಲ, ಅದಕ್ಕೇ ಇಲ್ಲಿ ಪೂರ್ತಿ ಬರೀತಿದೀನಿ.

ಭಯ ಆಗುತ್ತೆ. ಈಗ್ಲೂ ಆಗುತ್ತೆ. ಹೆಸರು ಕರೆಯೋಕೆ ಒಂದು ನಿಮಿಷ ಮುಂಚೆ ಅಂಗೈ ತಣ್ಣಗಾಗುತ್ತೆ, ಬಾಯಿ ಒಣಗುತ್ತೆ. ಕಲ್ತಿದ್ದು ಅಂದ್ರೆ ಆ ಭಯ ಇಟ್ಕೊಂಡೇ ಮಾತಾಡೋದನ್ನ, ಮತ್ತೆ ಅದಕ್ಕಿಂತ ಮುಖ್ಯವಾಗಿ, ಬಾಯಿಪಾಠ ಮಾಡೋದನ್ನ ಬಿಡೋದನ್ನ.

ಕಲ್ತಿದ್ದು ಕ್ಯಾಲಿಫೋರ್ನಿಯಾದ ಒಂದು ಕಮ್ಯುನಿಟಿ ಕಾಲೇಜಲ್ಲಿ, ಅಂದ್ರೆ ಡಿಗ್ರಿಯ ಮೊದಲ ಎರಡು ವರ್ಷ ಓದಿ ಆಮೇಲೆ ಯೂನಿವರ್ಸಿಟಿಗೆ ಹೋಗಬಹುದಾದ ಸರ್ಕಾರಿ ಕಾಲೇಜಲ್ಲಿ, 2019ರಲ್ಲಿ. ಎಚ್-4 ವೀಸಾದಲ್ಲಿ, ಅಂದ್ರೆ ಇಲ್ಲಿ ಕೆಲಸಕ್ಕೆ ಬಂದವರ ಮನೆಯವರಿಗೆ ಕೊಡೋ ವೀಸಾದಲ್ಲಿ, ಮನೇಲಿ ಇದ್ದೆ, ಯಾವ್ದಾದ್ರೂ ಡಿಗ್ರಿ ಶುರು ಮಾಡೋಣ ಅಂತ ಹೋದಾಗ ಕೌನ್ಸೆಲರ್ ಪಟ್ಟಿ ಕೊಟ್ರು, ಅದರಲ್ಲಿ ಪಬ್ಲಿಕ್ ಸ್ಪೀಕಿಂಗ್ ಇತ್ತು. ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ಆಗ್ಬೇಕು ಅಂದ್ರೆ ನಾಲ್ಕು ವಿಷಯ ಪಾಸಾಗಿರ್ಲೇಬೇಕು: ಬರವಣಿಗೆ, ತರ್ಕ, ಗಣಿತ, ಮತ್ತೆ ಮಾತು. ಹೌದು, ಮಾತು. ನರ್ಸ್ ಆಗೋರು, ಅಕೌಂಟೆಂಟ್ ಆಗೋರು, ಕಂಪ್ಯೂಟರ್ ಸೈನ್ಸ್ ಓದೋರು, ಎಲ್ಲರೂ ಎದ್ದು ನಿಂತು ಭಾಷಣ ಮಾಡಿ ಗ್ರೇಡ್ ತಗೋಬೇಕು. ಈ ರಾಜ್ಯದ ಕಮ್ಯುನಿಟಿ ಕಾಲೇಜುಗಳಲ್ಲಿ ಇಲ್ಲಿನ ನಿವಾಸಿಗಳಿಗೆ ಒಂದು ಯೂನಿಟ್‌ಗೆ ಫೀಸು 46 ಡಾಲರ್, ನನ್ನ ಕ್ಲಾಸು 3 ಯೂನಿಟ್, 138 ಡಾಲರ್ ಆಯ್ತು. ಜೀವನದಲ್ಲಿ ನಾನು ಖರ್ಚು ಮಾಡಿದ ದುಡ್ಡಲ್ಲಿ ಇಷ್ಟು ದಿನ ಉಪಯೋಗಕ್ಕೆ ಬಂದಿದ್ದು ಇನ್ನೊಂದಿಲ್ಲ.

ನಮ್ಮೂರ ಶಾಲೇಲಿ ಭಾಷಣ ಸ್ಪರ್ಧೆ ಅಂದ್ರೆ ಹೆಂಗಿತ್ತು ಅಂತ ನಿಮಗೂ ಗೊತ್ತು. ಮೇಷ್ಟ್ರು ಒಂದೂವರೆ ಪುಟ ಬರೆದು ಕೊಡೋರು, ನಾವು ಜಗಲಿ ಮೇಲೆ ಓಡಾಡ್ತಾ ಉರು ಹೊಡೀತಿದ್ವಿ, "ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ, ನನ್ನ ನೆಚ್ಚಿನ ಗುರುವೃಂದದವರೇ" ಅಂತ ಶುರು, "ಇಷ್ಟು ಹೇಳಿ ನನ್ನ ಎರಡು ಮಾತುಗಳನ್ನು ಮುಗಿಸುತ್ತೇನೆ" ಅಂತ ಮುಕ್ತಾಯ. ನಡುವೆ ಏನಿತ್ತು ಅಂತ ಹೇಳಿದವರಿಗೂ ನೆನಪಿರ್ತಿರ್ಲಿಲ್ಲ. ಆ ಮೇಷ್ಟ್ರ ಬಗ್ಗೆ ನಂಗೆ ಗೌರವ ಇದೆ, ಅಷ್ಟಾದ್ರೂ ವೇದಿಕೆ ಮೇಲೆ ನಿಲ್ಲಿಸಿದ್ರಲ್ಲ. ಆದ್ರೆ ಮಾತಾಡೋದು ಅಂದ್ರೆ ಬರೆದಿದ್ದನ್ನ ತಪ್ಪಿಲ್ದಂಗೆ ಒಪ್ಪಿಸೋದು ಅಂತ ತಲೇಲಿ ಕೂತಿದ್ದು ಅಲ್ಲಿಂದಲೇ, ಅದನ್ನ ಬಿಡಿಸ್ಕೊಳ್ಳೋಕೆ ನಂಗೆ ಒಂದು ಸೆಮಿಸ್ಟರ್ ಹಿಡೀತು.

ಮೊದಲನೇ ಭಾಷಣ ಪರಿಚಯದ್ದು. ಬರೀ 2 ನಿಮಿಷ. ಪದ ಪದ ಬರೆದೆ, ಮೂರು ದಿನ ಬಾಯಿಪಾಠ ಮಾಡಿದೆ, ಬಸ್ಸಲ್ಲಿ ಹೇಳ್ಕೊಂಡೆ, ಪಾತ್ರೆ ತೊಳೀತಾ ಹೇಳ್ಕೊಂಡೆ. ಕ್ಲಾಸಲ್ಲಿ ಎದ್ದು ನಿಂತು ಐದನೇ ವಾಕ್ಯದಲ್ಲಿ ಒಂದು ಪದ ಸಿಗ್ಲಿಲ್ಲ. ಒಂದೇ ಒಂದು ಪದ. ಅದು ಸಿಗ್ದೇ ಇದ್ದಿದ್ದಕ್ಕೆ ಅದರ ಹಿಂದಿನ ವಾಕ್ಯವೂ ಹೋಯ್ತು, ಮುಂದಿನದೂ ಹೋಯ್ತು, ಯಾಕಂದ್ರೆ ನಾನು ಕಲ್ತಿದ್ದು ವಿಷಯ ಅಲ್ಲ, ಸರಪಳಿ, ಒಂದು ಕೊಂಡಿ ಕಳಚಿದ್ರೆ ಪೂರ್ತಿ ಕೆಳಗೆ. ನನ್ನದೇ ಊರು, ನನ್ನದೇ ಮನೆ ಬಗ್ಗೆ ಮಾತಾಡೋಕೆ ನಿಂತು ಹೇಳೋಕೆ ಏನೂ ಇಲ್ದಂಗೆ ನಿಂತಿದ್ದೆ. ಇದನ್ನ ಹೇಳ್ತಿರೋದು ಯಾಕಂದ್ರೆ ನಂಗೆ ಮೆಸೇಜ್ ಮಾಡೋ ಹತ್ತರಲ್ಲಿ ಎಂಟು ಜನರ ಕಥೆ ಇದೇ: "ಚೆನ್ನಾಗಿ ಕಲ್ತಿದ್ದೆ, ನಿಂತ ತಕ್ಷಣ ತಲೆ ಖಾಲಿ ಆಯ್ತು." ತಲೆ ಖಾಲಿ ಆಗಿರಲ್ಲ. ಬಾಯಿಪಾಠದ ದಾರಿ ಅಷ್ಟು ಇಕ್ಕಟ್ಟು, ಒಂದು ಕಲ್ಲು ಬಿದ್ರೂ ಪಕ್ಕಕ್ಕೆ ಸರಿಯೋಕೆ ಜಾಗ ಇರಲ್ಲ.

ಮುಂದಿನ ವಾರ ಪ್ರೊಫೆಸರ್ ಬೋರ್ಡ್ ಮೇಲೆ ಮಾತಾಡೋ ನಾಲ್ಕು ರೀತಿ ಬರೆದ್ರು. ಬರೆದಿದ್ದನ್ನ ನೋಡ್ಕೊಂಡು ಓದೋದು. ಬಾಯಿಪಾಠ ಒಪ್ಪಿಸೋದು. ತಯಾರಿನೇ ಇಲ್ದೆ ನಿಂತ ನಿಲುವಲ್ಲಿ ಮಾತಾಡೋದು, ಅಂದ್ರೆ ನಮ್ಮ ಆಶುಭಾಷಣ. ನಾಲ್ಕನೇದು ಎಕ್ಸ್‌ಟೆಂಪೋರೇನಿಯಸ್. ನಮ್ಮ ಕಾಲೇಜುಗಳಲ್ಲಿ ಎಕ್ಸ್‌ಟೆಂಪೋರ್ ಅಂದ್ರೆ ಚೀಟಿ ಎತ್ತಿ ಆಗಲೇ ಮಾತಾಡೋದು ಅಂತ ಅಲ್ವಾ, ಇಲ್ಲಿನ ಕೋರ್ಸಲ್ಲಿ ಹಂಗಲ್ಲ. ವಿಷಯ ಪೂರ್ತಿ ತಯಾರಿ ಮಾಡಿರ್ಬೇಕು, ಯಾವ್ದರ ಮೇಲೆ ಯಾವ್ದು ಅನ್ನೋ ಕ್ರಮ ಗಟ್ಟಿ ಇರ್ಬೇಕು, ಆದ್ರೆ ವಾಕ್ಯಗಳು ಮಾತ್ರ ಅಲ್ಲೇ ನಿಂತಾಗ ಹುಟ್ಟಬೇಕು. ಸೆಮಿಸ್ಟರ್ ಪೂರ್ತಿ ಗ್ರೇಡು ಇದಕ್ಕೇ. ಮನೇಲಿ ಪೂರ್ಣ ವಾಕ್ಯಗಳಲ್ಲಿ ಔಟ್‌ಲೈನ್ ಬರೀಬೇಕು, ಕ್ಲಾಸಿಗೆ ತರೋದು ಮಾತ್ರ ದಪ್ಪ ಕಾಗದದ, ಅಂಗೈಯಗಲದ ಕಾರ್ಡು, ಅದರ ಮೇಲೆ ಬರೀ ಪದಗಳು.

ಆವತ್ತು ಅಲ್ಲಿ ಕೂತು ನಂಗೆ ನೆನಪಾಗಿದ್ದು ನಮ್ಮ ದೊಡ್ಡಪ್ಪ.

ದೊಡ್ಡಪ್ಪ ತಾಳಮದ್ದಲೆಯಲ್ಲಿ, ಅಂದ್ರೆ ಯಕ್ಷಗಾನದ ಪ್ರಸಂಗವನ್ನ ಕೂತು ಬರೀ ಹಾಡು, ಮಾತಲ್ಲೇ ನಡೆಸೋ ಕೂಟದಲ್ಲಿ, ಅರ್ಥ ಹೇಳ್ತಿದ್ರು. ಮಳೆಗಾಲದಲ್ಲಿ ಯಾರದ್ದೋ ಮನೆ ಜಗಲೀಲಿ, ವೇಷ ಇಲ್ಲ, ಕುಣಿತ ಇಲ್ಲ, ಭಾಗವತರು ಒಂದು ಪದ್ಯ ಹೇಳ್ತಾರೆ, ಮದ್ದಲೆ ನಿಲ್ಲುತ್ತೆ, ಅರ್ಥಧಾರಿ ಶುರು ಮಾಡ್ತಾರೆ. ಪದ್ಯ ನಾಲ್ಕು ಸಾಲು, ಅದರ ಮೇಲೆ ಅವರ ಮಾತು ಹತ್ತು ನಿಮಿಷನೂ ಹೋಗಬಹುದು, ಅರ್ಧ ಗಂಟೆನೂ ಹೋಗಬಹುದು, ಎದುರಿಗೆ ಕೂತವರು ಏನು ವಾದ ಹಾಕ್ತಾರೆ ಅನ್ನೋದರ ಮೇಲೆ. ಒಂದು ವಾಕ್ಯನೂ ಬರೆದಿಟ್ಟಿರಲ್ಲ. ಆದ್ರೆ ತಯಾರಿ ಇಲ್ಲ ಅಂತ ಯಾರಾದ್ರೂ ಅಂದ್ರೆ ಅದು ತಪ್ಪು. ಪ್ರಸಂಗದ ಪದ್ಯಗಳು, ಪದ್ಯಗಳ ಅನುಕ್ರಮ, ಪುರಾಣ, ನೀತಿ, ಎಲ್ಲಾ ಅರೆದು ಕುಡಿದಿರ್ತಾರೆ. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯ ಕ್ಯಾಸೆಟ್ ಹಾಕ್ಕೊಂಡು ದೊಡ್ಡಪ್ಪ ತೋಟದಿಂದ ಬಂದ ಮೇಲೆ ಕೇಳ್ತಾ ಕೂರ್ತಿದ್ರು, ಬಾಣ ತಾಗಿ ಬಿದ್ದವನು ರಾಮನನ್ನ ಪ್ರಶ್ನೆ ಮಾಡೋ ಜಾಗ ಬಂದ್ರೆ ಕವಳ ಜಗಿಯೋದನ್ನೂ ನಿಲ್ಲಿಸ್ತಿದ್ರು. ಆದ್ರೆ ಮಾರನೇ ದಿನ ತಾವು ವಾಲಿ ಮಾಡಿದ್ರೆ ಶೇಣಿಯವರ ಒಂದು ವಾಕ್ಯನೂ ಹೇಳ್ತಿರ್ಲಿಲ್ಲ. "ಅವರ ದಾರಿ ನೋಡ್ಕೊಂಡೆ, ನಡಿಗೆ ನಂದೇ" ಅಂತಿದ್ರು.

ಪ್ರೊಫೆಸರ್ ಹೇಳಿದ್ದು ಇದೇ ಅಲ್ವಾ! ಕಾರ್ಡ್ ಮೇಲಿನ ಪದ ಅಂದ್ರೆ ಪದ್ಯ. ನಾನು ಹೇಳ್ಬೇಕಾಗಿರೋದು ಅರ್ಥ. ನಮ್ಮ ಮನೆ ಜಗಲೀಲಿ ನಡೀತಿದ್ದ ವಿದ್ಯೆನ ಗುರುತು ಹಿಡಿಯೋಕೆ ನಂಗೆ ಕ್ಯಾಲಿಫೋರ್ನಿಯಾದ ಕ್ಲಾಸ್‌ರೂಮ್ ಬೇಕಾಯ್ತು, ಅದನ್ನ ನೆನೆದ್ರೆ ಈಗ್ಲೂ ಕಣ್ಣು ತುಂಬುತ್ತೆ, ಆಗ ದೊಡ್ಡಪ್ಪ ಇರ್ಲಿಲ್ಲ.

ಎರಡನೇ ಭಾಷಣ ಮಾಹಿತಿ ಕೊಡೋದು, 6 ನಿಮಿಷ. ನಾನು ಅಪ್ಪೆಮಿಡಿ ತಗೊಂಡೆ, ನಮ್ಮ ಕಡೆ ಉಪ್ಪಿನಕಾಯಿ ಹಾಕೋ ಪರಿಮಳದ ಎಳೆ ಮಾವಿನಕಾಯಿ. ಕಾರ್ಡ್ ಮೇಲೆ ಐದೇ ಪದ, ಕನ್ನಡದಲ್ಲೇ: ಹೊಳೆ, ತೊಟ್ಟು, ಸೊನೆ, ಉಪ್ಪು, ಭರಣಿ. ಮನೇಲಿದ್ದ ಮಿಡಿ ಉಪ್ಪಿನಕಾಯಿ ಬಾಟ್ಲಿ ತಗೊಂಡು ಹೋಗಿದ್ದೆ. ಹೊಳೆ ಅಂದ ತಕ್ಷಣ ಶರಾವತಿ ದಂಡೆ ಮರಗಳು ಕಣ್ಣಿಗೆ ಬಂದ್ವು, ಹೇಳಿದೆ. ತೊಟ್ಟು ಅಂದಾಗ, ಮಿಡಿನ ಯಾಕೆ ತೊಟ್ಟು ಸಮೇತ ಕುಯ್ಬೇಕು, ಯಾಕೆ ನೆಲಕ್ಕೆ ಬೀಳಿಸಬಾರದು, ಪೆಟ್ಟಾದ ಒಂದು ಮಿಡಿ ಭರಣಿ ಪೂರ್ತಿ ಹೆಂಗೆ ಕೆಡಿಸುತ್ತೆ ಅಂತ ಹೇಳಿದೆ. ಅಲ್ಲಿಂದ ಸೊನೆಗೆ ಹೋಗ್ಬೇಕಿತ್ತು, ನಾನು ಸೀದಾ ಉಪ್ಪಿಗೆ ಹೋಗ್ಬಿಟ್ಟೆ, ಪದರ ಪದರ ಉಪ್ಪು ಹಾಕಿಟ್ರೆ ಮಿಡಿ ನೀರು ಬಿಟ್ಕೊಂಡು ಚಿರುಟೋದನ್ನ ಹೇಳ್ತಾ ಇರೋವಾಗ ಸೊನೆ ಬಿಟ್ಟಿದ್ದು ಗೊತ್ತಾಯ್ತು. ಮೊದಲನೇ ಭಾಷಣ ಆಗಿದ್ರೆ ಅಲ್ಲಿಗೆ ಮುಗೀತಿತ್ತು. ಈ ಸಲ ಬಾಟ್ಲಿ ಮುಚ್ಚಳ ತೆಗ್ದು ಮುಂದಿನ ಬೆಂಚಿನವರಿಗೆ ಕೊಟ್ಟೆ, ಇದರ ಪರಿಮಳ ಎಲ್ಲಿಂದ ಬರುತ್ತೆ ಗೊತ್ತಾ ಅಂತ ಕೇಳಿ ಅಲ್ಲಿ ಸೊನೆ ಹೇಳಿದೆ. ಬಾಟ್ಲಿ ಕೈಯಿಂದ ಕೈಗೆ ಹಿಂದಿನ ಸಾಲಿನ ತನಕ ಹೋಯ್ತು. ಕ್ರಮ ತಪ್ಪಿದ್ದು ಯಾರಿಗೂ ಗೊತ್ತಾಗ್ಲಿಲ್ಲ, ವಿಮರ್ಶೆ ಹಾಳೇಲಿ ಒಬ್ಬ ಹುಡುಗ ಬರೆದಿದ್ದ, ಪರಿಮಳ ತೋರಿಸಿ ಆಮೇಲೆ ಕಾರಣ ಹೇಳಿದ್ದು ತುಂಬಾ ಇಷ್ಟ ಆಯ್ತು ಅಂತ.

ಭಯದ ವಿಷಯಕ್ಕೆ ವಾಪಸ್ ಬರ್ತೀನಿ, ಯಾಕಂದ್ರೆ ಜಾಸ್ತಿ ಜನ ಕೇಳೋದು ಅದನ್ನೇ. ಮೊದಲ ವಾರ ನಮ್ಮ ಕೈಲಿ ಮಾತಾಡೋ ಅಳುಕು ಎಷ್ಟಿದೆ ಅಂತ ಅಳೆಯೋ 24 ಹೇಳಿಕೆಗಳ ಒಂದು ಪ್ರಶ್ನಾವಳಿ ತುಂಬಿಸಿದ್ರು. ಜೇಮ್ಸ್ ಮೆಕ್ರಾಸ್ಕಿ ಅನ್ನೋ ಅಮೆರಿಕದ ಸಂವಹನ ತಜ್ಞರು ಮಾಡಿದ್ದು, ಅಂಕ ಕನಿಷ್ಠ 24, ಗರಿಷ್ಠ 120, 80 ದಾಟಿದ್ರೆ ಅಳುಕು ಹೆಚ್ಚು ಅಂತ ಲೆಕ್ಕ. ನಂದು 92 ಬಂತು. ಕೊನೇ ವಾರ ಮತ್ತೆ ತುಂಬಿಸಿದ್ರು, 71. ನೋಡಿ, ಭಯ ಪೂರ್ತಿ ಹೋಗಿಲ್ಲ, ಹೋಗೋದೂ ಇಲ್ಲ. ಆದ್ರೆ 92ರಲ್ಲಿ ನಿಂತು ಮಾತಾಡೋದಕ್ಕೂ 71ರಲ್ಲಿ ನಿಂತು ಮಾತಾಡೋದಕ್ಕೂ ಎಷ್ಟು ವ್ಯತ್ಯಾಸ ಅಂತ ನಿಂತವರಿಗೆ ಗೊತ್ತು.

ಇನ್ನೊಂದು ವಿಷಯ ನಂಗೆ ಅಲ್ಲಿ ತುಂಬಾ ಧೈರ್ಯ ಕೊಡ್ತು. ನಮ್ಮ ಒಳಗಿನ ನಡುಕ ಎದುರಿಗೆ ಕೂತವರಿಗೆ ಕಾಣಿಸ್ತಿದೆ ಅಂತ ನಮಗೆ ಅನಿಸುತ್ತಲ್ಲ, ಅಷ್ಟು ಕಾಣಿಸ್ತಿರಲ್ಲ. ಕೆನೆತ್ ಸಾವಿಟ್ಸ್ಕಿ, ಥಾಮಸ್ ಗಿಲೊವಿಚ್ ಅನ್ನೋ ಇಬ್ಬರು ಮನಃಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭಾಷಣಕ್ಕೆ ಮುಂಚೆ ವಿದ್ಯಾರ್ಥಿಗಳಿಗೆ ಬರೀ ಇಷ್ಟು ತಿಳಿಸಿ ಹೇಳಿದ್ರು, ನಿಮ್ಮ ಆತಂಕ ನಿಮಗೆ ಅನಿಸಿದಷ್ಟು ಹೊರಗೆ ಕಾಣಲ್ಲ ಅಂತ. ಅಷ್ಟು ತಿಳ್ಕೊಂಡವರ ಭಾಷಣ ಅವರಿಗೂ ಚೆನ್ನಾಗಿ ಬಂತು ಅನಿಸ್ತು, ನೋಡಿದವರಿಗೂ ಚೆನ್ನಾಗಿತ್ತು ಅನಿಸ್ತು. ನಂಗೆ ಇದು ನಂಬಿಕೆ ಬಂದಿದ್ದು ನನ್ನದೇ ವಿಡಿಯೋ ನೋಡಿದ್ಮೇಲೆ. ಕಾಲು ನಡುಗಿ ಬಿದ್ದೇ ಹೋಗ್ತೀನಿ ಅಂದ್ಕೊಂಡಿದ್ದ ಜಾಗದಲ್ಲಿ ವಿಡಿಯೋದಲ್ಲಿ ಒಬ್ಬಳು ಹೆಂಗಸು ಸುಮ್ನೆ ನಿಂತು ಮಾತಾಡ್ತಿದಾಳೆ, ಸ್ವಲ್ಪ ಫಾಸ್ಟಾಗಿ.

ಆ ಫಾಸ್ಟ್ ಇದೆಯಲ್ಲ, ಅದೇ ನಿಜವಾದ ತೊಂದರೆ. "ನಮ್ಮ ಆಕ್ಸೆಂಟ್ ಅವರಿಗೆ ಅರ್ಥ ಆಗುತ್ತಾ" ಅಂತ ಕೇಳ್ತಾರೆ. ಆಗುತ್ತೆ. ಇಡೀ ಸೆಮಿಸ್ಟರಲ್ಲಿ ನನ್ನ ಆಕ್ಸೆಂಟಿಗೆ ಒಂದು ಮಾರ್ಕೂ ಹೋಗ್ಲಿಲ್ಲ, ಸ್ಪೀಡಿಗೆ ಹೋಯ್ತು. ವಾಕ್ಯ ಮುಗಿದ ಮೇಲೆ ಬಾಯಿ ಮುಚ್ಚಿ ಒಂದು ಉಸಿರು ತಗೊಳ್ಳಿ, ಆಮೇಲೆ ಮುಂದಿಂದು. ಆ "ಬೇಸಿಕಲಿ", "ಆಕ್ಚುಲಿ", "ಅದೇನಂದ್ರೆ" ಎಲ್ಲಾ ಬಂದು ಕೂರೋದು ಉಸಿರು ತಗೋಬೇಕಾದ ಜಾಗದಲ್ಲೇ. ಭಾಗವತರು ಪದ್ಯ ನಿಲ್ಲಿಸಿದ ಮೇಲೆ ದೊಡ್ಡಪ್ಪ ತಕ್ಷಣ ಬಾಯಿ ತೆಗೀತಿರ್ಲಿಲ್ಲ, ಒಂದು ಕ್ಷಣ ಜಗಲಿ ಪೂರ್ತಿ ಸುಮ್ನಾಗ್ತಿತ್ತು, ಜನ ಮುಂದಕ್ಕೆ ಬಗ್ಗಿ ಕೂರ್ತಿದ್ರು.

ಮನವೊಲಿಸೋ ಭಾಷಣದ ಬಗ್ಗೆ ಚಿಕ್ಕದಾಗಿ ಹೇಳ್ತೀನಿ. ಪರ್ಡ್ಯೂ ಯೂನಿವರ್ಸಿಟಿಯ ಅಲನ್ ಮನ್ರೋ 1930ರ ದಶಕದಲ್ಲಿ ಮಾಡಿಟ್ಟ ಐದು ಮೆಟ್ಟಿಲಿನ ಕ್ರಮ ಇದೆ: ಗಮನ ಸೆಳೆಯೋದು, ಸಮಸ್ಯೆ ಏನು ಅಂತ ತೋರಿಸೋದು, ಪರಿಹಾರ ಹೇಳೋದು, ಮಾಡಿದ್ರೆ ಏನಾಗುತ್ತೆ ಅಂತ ಕಣ್ಣಿಗೆ ಕಟ್ಟೋದು, ಈಗ ನೀವೇನು ಮಾಡ್ಬೇಕು ಅಂತ ಕೇಳೋದು. ನಾನು ರಕ್ತದ ಕ್ಯಾನ್ಸರ್‌ನಂಥ ಕಾಯಿಲೆ ಇರೋರಿಗೆ ರಕ್ತದ ಸ್ಟೆಮ್ ಸೆಲ್, ಅಂದ್ರೆ ಹೊಸ ರಕ್ತ ಹುಟ್ಟಿಸೋ ಕಣ, ಕೊಡೋ ದಾನಿಯಾಗಿ ಹೆಸರು ನೋಂದಾಯಿಸೋದರ ಬಗ್ಗೆ ಮಾತಾಡಿದೆ. ಒಡಹುಟ್ಟಿದವರಲ್ಲೂ ಒಬ್ಬೊಬ್ಬರು ಹೊಂದಿಕೆ ಆಗೋ ಸಾಧ್ಯತೆ ನಾಲ್ಕರಲ್ಲಿ ಒಂದು ಅಷ್ಟೇ, ಹೊರಗಿನ ದಾನಿ ಸಿಗೋದು ಹೆಚ್ಚಾಗಿ ಅದೇ ಮೂಲದ ಜನರಲ್ಲಿ, ನಮ್ಮ ಭಾರತದ ಕಡೆಯವರ ಹೆಸರು ಇಲ್ಲಿನ ಪಟ್ಟೀಲಿ ಕಡಿಮೆ. ಕೆನ್ನೆ ಒಳಗೆ ಹತ್ತಿ ಕಡ್ಡಿ ಸವರಿ ಕೊಟ್ರೆ ಹೆಸರು ಸೇರುತ್ತೆ. ಕ್ಲಾಸ್ ಮುಗಿದ ಮೇಲೆ ಒಬ್ಬ ಹುಡುಗಿ ಬಂದು ಫೋನ್ ತೋರಿಸಿದ್ಲು, ಕಿಟ್ ಆರ್ಡರ್ ಮಾಡಿದ್ಲು. ಗ್ರೇಡ್ ನೋಡೋಕೂ ಮನಸ್ಸು ಬರ್ಲಿಲ್ಲ ನಂಗೆ ಆವತ್ತು. ಮಾತಿಂದ ಒಂದು ಕೆಲಸ ಆಗುತ್ತೆ ಅಂತ ಅಲ್ಲಿ ತನಕ ನಾನು ನಂಬಿರ್ಲಿಲ್ಲ.

"ನಮಗೆ ಅಂಥ ಕಾಲೇಜ್ ಇಲ್ವಲ್ಲ" ಅನ್ನೋರಿಗೆ: ಬೆಂಗಳೂರಲ್ಲಿ ಭಾಷಣ ಅಭ್ಯಾಸ ಮಾಡೋರ ಟೋಸ್ಟ್‌ಮಾಸ್ಟರ್ಸ್ ಕ್ಲಬ್‌ಗಳಿದಾವೆ, 1924ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಆನಾದಲ್ಲಿ ಶುರುವಾಗಿದ್ದು, ಕೆಲವು ಸಲ ಹೋಗಿ ಸುಮ್ನೆ ಕೂತು ನೋಡಿ. ಅದೂ ಇಲ್ದಿದ್ರೆ ಮನೇಲಿ ನಾಲ್ಕು ಜನರನ್ನ ಕೂರಿಸಿ. ಆದ್ರೆ ಎದ್ದು ನಿಂತು, ಗಟ್ಟಿಯಾಗಿ, ಶುರುವಿಂದ ಕೊನೆ ತನಕ ಹೇಳ್ಬೇಕು, ಮನಸ್ಸಲ್ಲಿ ಹೇಳ್ಕೊಂಡ್ರೆ ಅಭ್ಯಾಸ ಅಲ್ಲ. ನಾನು ಒಂದು ಭಾಷಣಕ್ಕೆ ಆರು ಸಲ ಹೇಳ್ತೀನಿ, ಆರು ಸಲನೂ ವಾಕ್ಯ ಬೇರೆ ಬೇರೆ ಬಂದ್ರೆ ಸರಿಯಾಗಿ ನಡೀತಿದೆ ಅಂತ ಅರ್ಥ. ಮೊದಲನೇ ಎರಡು ವಾಕ್ಯ, ಕೊನೇ ಒಂದು ವಾಕ್ಯ, ಇಷ್ಟು ಮಾತ್ರ ಬಾಯಿಪಾಠ ಇರ್ಲಿ.

ಹೋದ ವಾರ ಶಿವಮೊಗ್ಗದಲ್ಲಿ ಮೊದಲನೇ ಬಿಕಾಂ ಓದ್ತಿರೋ ಅಕ್ಕನ ಮಗಳು ವಾಟ್ಸಾಪ್ ಮಾಡಿದ್ಲು, ಸೆಮಿನಾರಿಗೆ ನಾಲ್ಕು ಪುಟ ಬರೆದಿದೀನಿ ಚಿಕ್ಕಿ, ಹೆಂಗೆ ನೆನಪಿಟ್ಕೊಳ್ಳೋದು ಅಂತ. ವಿಷಯ ಅವಳ ಊರಿನ ಅಡಿಕೆ ಮಂಡಿ ವ್ಯಾಪಾರ. ನಾಲ್ಕು ಪುಟ ಪಕ್ಕಕ್ಕಿಡು, ಐದು ಪದ ಕಳ್ಸು ಅಂದೆ. ರಾತ್ರಿ ಬಂತು: ಕೊನೆ (ಅಡಿಕೆ ಗೊನೆ), ಚಾಲಿ (ಒಣಗಿಸಿ ಸುಲಿದ ಅಡಿಕೆ), ಮಂಡಿ, ದರ, ಅಪ್ಪ. "ಅಪ್ಪ" ಅನ್ನೋ ಪದ ಯಾಕೆ ಅಂತ ಕೇಳ್ದೆ. "ದರ ಬಿದ್ದ ದಿನ ಅಪ್ಪ ಮನೆಗೆ ಬಂದು ಏನ್ ಮಾಡ್ತಾರೆ ಅಂತ ಹೇಳ್ತೀನಿ ಚಿಕ್ಕಿ, ಅದನ್ನ ನಾನು ಬರೆದೇ ಇರ್ಲಿಲ್ಲ" ಅಂದ್ಲು. ನಾಳೆ ಬೆಳಿಗ್ಗೆ ವಿಡಿಯೋ ಕಾಲ್‌ನಲ್ಲಿ ಎದ್ದು ನಿಂತು ಹೇಳ್ತಾಳೆ, ನಾನು ಕೇಳ್ತೀನಿ.