ಹನ್ನೊಂದನೆಯ ಸ್ಟ್ರೈಕ್‌ಔಟ್

ಅಮೆರಿಕದ ಸಿನ್ಸಿನಾಟಿಯಲ್ಲಿ ರೆಡ್ಸ್ ತಂಡದ ಬೇಸ್‌ಬಾಲ್ ಪಂದ್ಯಕ್ಕೆ ಟಿಕೆಟ್ ಕೊಂಡವರಿಗೆ ಒಂದು ಆಸೆ ತೋರಿಸಿರುತ್ತಾರೆ. ಚೆಂಡೆಸೆಯುವವನು ಪಿಚರ್; ಬ್ಯಾಟರ್ ಬೀಸಿ ತಪ್ಪಿದರೆ ಅಥವಾ ಹೊಡೆಯಬಹುದಾದ ಚೆಂಡನ್ನು ಬಿಟ್ಟರೆ ಒಂದು ಸ್ಟ್ರೈಕ್, ಮೂರು ಸ್ಟ್ರೈಕ್ ಆಗಿ ಔಟಾದರೆ ಅದು ಸ್ಟ್ರೈಕ್‌ಔಟ್. ತವರಿನ ಪಂದ್ಯದಲ್ಲಿ ರೆಡ್ಸ್ ಪಿಚರ್‌ಗಳು 11 ಸ್ಟ್ರೈಕ್‌ಔಟ್ ಗಳಿಸಿದರೆ, ಅದೇ ಟಿಕೆಟ್ ತೋರಿಸಿ ಲರೋಸಾಸ್ ಅಂಗಡಿಯಲ್ಲಿ ಒಂದು ಸಣ್ಣ ಪಿಜ್ಜಾ ಪುಕ್ಕಟೆ ಪಡೆಯಬಹುದು. 1954ರಲ್ಲಿ ಶುರುವಾದ ಈ ಅಂಗಡಿ ಆ ಊರಿನ ಮನೆಮಾತು.

ನಾವು ಹೋದದ್ದು ಕಾಗದದ ಟಿಕೆಟ್ ಇನ್ನೂ ಚಾಲ್ತಿಯಲ್ಲಿದ್ದ ಕಾಲದಲ್ಲಿ. ಅಕ್ಕನ ಮನೆಗೆಂದು ದಾವಣಗೆರೆಯಿಂದ ಬಂದಿದ್ದ ಅಪ್ಪನನ್ನೂ ಕರೆದುಕೊಂಡು ಹೋಗಿದ್ದೆವು. ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದ ಅಪ್ಪನಿಗೆ ಪುಕ್ಕಟೆ ಎಂಬ ಮಾತು ಕೇಳಿದೊಡನೆ ಅನುಮಾನ ಬಂತು. "ಇಷ್ಟು ಜನಕ್ಕೆ ಪಿಜ್ಜಾ ಕೊಟ್ಟರೆ ಅಂಗಡಿಯವನು ಉಳಿಯುತ್ತಾನೆಯೇ?" ವಿಮೆ ಕಂಪನಿಯಲ್ಲಿರುವ ಭಾವ ಇಂಥ ಪ್ರಶ್ನೆಗೇ ಕಾದಿದ್ದವರಂತೆ ಶುರುಮಾಡಿದರು: "ಇಂಥದ್ದಕ್ಕೂ ವಿಮೆ ಇರುತ್ತದೆ ಮಾವ. 2007ರಲ್ಲಿ ಬಾಸ್ಟನ್ ಕಡೆಯ ಪೀಠೋಪಕರಣದ ಅಂಗಡಿಯೊಂದು, ಆ ಊರಿನ ಬೇಸ್‌ಬಾಲ್ ತಂಡ ರೆಡ್ ಸಾಕ್ಸ್ ಆ ವರ್ಷದ ಫೈನಲ್ ಆದ ವರ್ಲ್ಡ್ ಸೀರೀಸ್ ಗೆದ್ದರೆ ಇಂತಿಷ್ಟು ದಿನಗಳಲ್ಲಿ ಕೊಂಡ ಸಾಮಾನಿನ ದುಡ್ಡು ವಾಪಸ್ ಎಂದಿತ್ತು. ಅವರು ಗೆದ್ದೇಬಿಟ್ಟರು. ದುಡ್ಡು ತೆತ್ತದ್ದು ವಿಮೆಯವರು." ಅಪ್ಪನಿಗೆ ಸಮಾಧಾನವಾಯಿತು. ಯಾರೋ ಲೆಕ್ಕ ಹಾಕಿಟ್ಟಿದ್ದಾರೆ ಎಂದರೆ ಸಾಕು ಅವರಿಗೆ.

ಓಹಾಯೋ ನದಿಯ ದಂಡೆಯ ಮೇಲಿರುವ ಗ್ರೇಟ್ ಅಮೆರಿಕನ್ ಬಾಲ್ ಪಾರ್ಕ್‌ನಲ್ಲಿ ಮೇಲಿನ ಸಾಲಿನ ಅಗ್ಗದ ಸೀಟು ನಮ್ಮದು. ಮೈದಾನದಾಚೆ ಹಳೆಯ ಉಗಿದೋಣಿಯ ನೆನಪಿಗೆ ಕಟ್ಟಿದ ಎರಡು ಚಿಮಣಿಗಳಿವೆ. ರೆಡ್ಸ್‌ಗೆ ಸ್ಟ್ರೈಕ್‌ಔಟ್ ಸಿಕ್ಕಿದಾಗ ಅವು ಬುಸ್ಸೆಂದು ಉಗಿ ಬಿಡುತ್ತವೆ. ಪ್ರತಿ ಸಲ ಉಗಿ ಬಂದಾಗಲೂ ಅಪ್ಪ ಟಿಕೆಟಿನ ಲಕೋಟೆಯ ಮೇಲೆ ಪೆನ್ಸಿಲಿನಲ್ಲಿ ಗೀಟು ಹಾಕುತ್ತಿದ್ದರು: ನಾಲ್ಕು ನೆಟ್ಟಗೆ, ಐದನೆಯದು ಅಡ್ಡಕ್ಕೆ.

ಆರನೆಯ ಇನ್ನಿಂಗ್ಸ್ ಹೊತ್ತಿಗೆ ರೆಡ್ಸ್ ನಾಲ್ಕು ರನ್ ಹಿಂದಿತ್ತು. ಅಕ್ಕನ ಮಗ ಮುಖ ಊದಿಸಿಕೊಂಡ. "ಸೋಲುತ್ತಿದ್ದರೆ ಚಾಪ್‌ಮನ್ ಬರುವುದಿಲ್ಲ ಮಾಮ." ಆಗ ರೆಡ್ಸ್ ಪಿಚರ್ ಆಗಿದ್ದ ಆರೋಲ್ಡಿಸ್ ಚಾಪ್‌ಮನ್ 2010ರಲ್ಲಿ ಗಂಟೆಗೆ 105.1 ಮೈಲಿ, ಅಂದರೆ ಸುಮಾರು 169 ಕಿಲೋಮೀಟರ್ ವೇಗದಲ್ಲಿ ಚೆಂಡೆಸೆದವನು. ಶೋಯೆಬ್ ಅಖ್ತರ್‌ನ 161.3ನ್ನು ಬಾಯಿಪಾಠ ಮಾಡಿಕೊಂಡಿದ್ದ ಅಪ್ಪ, "ಇವನು ಕೈ ಮಡಚಿ ಎಸೆಯುತ್ತಾನಲ್ಲ, ಅದು ಲೆಕ್ಕಕ್ಕಿಲ್ಲ" ಎಂದುಬಿಟ್ಟರು. ಆದರೆ ಅಂಥ ಕೊನೆಯ ಪಿಚರ್‌ನನ್ನು ಸಾಮಾನ್ಯವಾಗಿ ಇಳಿಸುವುದು ಸಣ್ಣ ಮುನ್ನಡೆಯನ್ನು ಕಾಯುವುದಕ್ಕೆ. ಪಿಜ್ಜಾ ಕಾಯುವುದಕ್ಕಲ್ಲ.

ಎಂಟನೆಯ ಇನ್ನಿಂಗ್ಸ್ ಮುಗಿದಾಗ ಲಕೋಟೆಯ ಮೇಲೆ ಹತ್ತು ಗೀಟುಗಳಿದ್ದವು. ಕೊನೆಯದಾದ ಒಂಬತ್ತನೆಯದರಲ್ಲಿ ಎದುರಾಳಿಯ ಮೂರು ಔಟ್ ಬಾಕಿ, ಅದರಲ್ಲಿ ಒಂದಾದರೂ ಸ್ಟ್ರೈಕ್‌ಔಟ್ ಆಗಬೇಕು. ಮೊದಲ ಬ್ಯಾಟರ್ ಹೊಡೆದ ಚೆಂಡು ನೆಲದಲ್ಲಿ ಉರುಳಿತು, ಫೀಲ್ಡರ್ ಲೀಲಾಜಾಲವಾಗಿ ಹಿಡಿದು ಮೊದಲ ಬೇಸ್‌ಗೆ ಎಸೆದ. ತಂಡಕ್ಕೆ ಅದು ಒಳ್ಳೆಯ ಔಟು. ಸ್ಟೇಡಿಯಮ್ಮಿನ ತುಂಬ "ಅಯ್ಯೋ" ಎಂಬಂಥ ಉದ್ಗಾರ! ಎರಡನೆಯವನ ಚೆಂಡು ಮೇಲೇರಿತು. ಓಡಿ ಬಂದು ಸೊಗಸಾದ ಕ್ಯಾಚ್ ಹಿಡಿದ ಆಟಗಾರನಿಗೆ ಸಿಕ್ಕಿದ್ದೂ ಅದೇ ಉದ್ಗಾರ. ನನಗೆ ಅವನ ಬಗ್ಗೆ ಮರುಕವೆನಿಸಿತು. ನಾನೂ ಅಯ್ಯೋ ಎಂದಿದ್ದೆ ಎನ್ನುವುದು ಬೇರೆ ಮಾತು.

ಕೊನೆಯ ಬ್ಯಾಟರ್‌ಗೆ ಎರಡು ಸ್ಟ್ರೈಕ್ ಆಯಿತು. ಜನ ಎದ್ದು ನಿಂತರು. ಅವನೋ, ಮುಂದಿನ ಚೆಂಡುಗಳನ್ನೆಲ್ಲ ಗೆರೆಯಾಚೆ ತಳ್ಳತೊಡಗಿದ. ಎರಡು ಸ್ಟ್ರೈಕ್ ಆದ ಮೇಲೆ ಹಾಗೆ ಫೌಲ್ ಹೊಡೆದರೆ ಮೂರನೆಯದು ಆಗುವುದಿಲ್ಲ, ಆಟ ಹಾಗೇ ಎಳೆಯುತ್ತದೆ. ಅಪ್ಪ ಪೆನ್ಸಿಲಿನ ತುದಿಯನ್ನು ಲಕೋಟೆಗೆ ಒತ್ತಿಕೊಂಡೇ ನಿಂತಿದ್ದರು. ಕಡೆಗೊಮ್ಮೆ ಬ್ಯಾಟು ಗಾಳಿಯನ್ನು ಬೀಸಿತು. ಉಗಿ, ಸಂಗೀತ, ಕೇಕೆ. ಹಿಂದಿನ ಸಾಲಿನ ಅಪರಿಚಿತರೊಬ್ಬರು ಅಪ್ಪನ ಭುಜ ತಟ್ಟಿದರು. ರೆಡ್ಸ್ ಬ್ಯಾಟಿಂಗ್ ಇನ್ನೂ ಬಾಕಿ ಇತ್ತು, ನಾಲ್ಕು ರನ್ ಅಂತರವೂ ಹಾಗೇ ಇತ್ತು. ಎಷ್ಟೋ ಜನ ಗೆದ್ದವರ ಗತ್ತಿನಲ್ಲಿ ಬಾಗಿಲತ್ತ ನಡೆದರು, ಜೊತೆಗೆ ನಾವೂ.

ಮರುದಿನ ಪಿಜ್ಜಾ ತಿನ್ನುತ್ತಲೇ ಅಪ್ಪ ದಾವಣಗೆರೆಯ ಗೆಳೆಯರಿಗೆ ಫೋನಿನಲ್ಲಿ ಪಂದ್ಯವನ್ನೆಲ್ಲ ವಿವರಿಸಿದರು. ಟಿಕೆಟಿನ ದುಡ್ಡಿನಲ್ಲಿ ಎಷ್ಟು ವಾಪಸ್ ಬಂದಂತಾಯಿತು ಎಂಬ ಲೆಕ್ಕವನ್ನೂ ಒಪ್ಪಿಸಿದರು. ಆ ಕಡೆಯವರು ಏನೋ ಕೇಳಿರಬೇಕು, ಫೋನಿಗೆ ಕೈ ಅಡ್ಡ ಇಟ್ಟು ಮೊಮ್ಮಗನತ್ತ ತಿರುಗಿದರು.

"ಲೋ, ನಿನ್ನೆ ಕೊನೆಗೆ ಗೆದ್ದವರು ಯಾರೋ?"