ಒಂದು ಸೂತದ ಕೂಲಿ

ಕೌದಿ ಹೊಲಿದು ಪಳಗಿದ ಹೆಂಗಸರ ಕೈಗೆ ಸ್ಕೇಲು ಕೊಟ್ಟರೆ ಮೊದಲು ನಗುತ್ತಾರೆ. ಆಮೇಲೆ ಸಿಟ್ಟಾಗುತ್ತಾರೆ. ಸೊಲ್ಲಾಪುರದ ನಮ್ಮ ಶೆಡ್‌ನಲ್ಲಿ ಎರಡೂ ಆಗಿದೆ. ಅಲ್ಲಿ ನಾನು ಕಟಿಂಗ್ ಮತ್ತು ಚೆಕಿಂಗ್ ನೋಡಿಕೊಳ್ಳುತ್ತೇನೆ. ಹೊಲಿಯುವವರಲ್ಲಿ ಜಾಸ್ತಿ ಜನ ಅಕ್ಕಲಕೋಟೆ ಕಡೆಯವರು. ಮನೆಮಾತು ಕನ್ನಡ, ಲೆಕ್ಕ ಮಾತ್ರ ಮರಾಠಿಯಲ್ಲಿ.

ಈ ಊರಲ್ಲಿ ಚಾದರ, ಟವೆಲ್ಲು ಬಿಟ್ಟರೆ ಶಾಲೆ ಯೂನಿಫಾರ್ಮಿನ ಹೊಲಿಗೆಯೇ ದೊಡ್ಡ ಕೆಲಸ. ನಾವೂ ಅದನ್ನೇ ಮಾಡುತ್ತಿದ್ದೆವು. ಈಗ ಅದರ ಜೊತೆಗೆ ಪ್ಯಾಚ್‌ವರ್ಕ್ ಹೊದಿಕೆಗಳ ಆರ್ಡರ್ ಬರುತ್ತಿದೆ. ಗಿರಾಕಿ ಕೇಳುವ ಡಿಸೈನ್‌ಗಳಲ್ಲಿ ಮುಕ್ಕಾಲು ಪಾಲು ಹಾಫ್ ಸ್ಕ್ವೇರ್ ಟ್ರಯಾಂಗಲ್‌ನದು. ಒಂದು ತಿಳಿ ಬಣ್ಣದ ತ್ರಿಕೋನ, ಒಂದು ಗಾಢ ಬಣ್ಣದ ತ್ರಿಕೋನ, ಎರಡೂ ಸೇರಿ ಒಂದು ಚೌಕ. ಅಂಥ ನಾಲ್ಕು ಚೌಕ ತಿರುಗಿಸಿ ಇಟ್ಟರೆ ಗಿರಿಗಿಟ್ಟಲೆ. 16 ಚೌಕ ಸೇರಿಸಿದರೆ ನಾಲ್ಕು ಗಿರಿಗಿಟ್ಟಲೆಯ ಒಂದು ಬ್ಲಾಕು.

"ಅಲ್ರೀ ಅಕ್ಕಾರ, ಅರಿವಿ ಕಡಿಮಿ ಬಿದ್ರ ಮ್ಯಾಲೊಂದು ತುಂಡು ಹಚ್ಚಿದ್ರಾತು. ಇಷ್ಟ್ಯಾಕ ಅಳತಿ?" ಅಂತ ಒಬ್ಬಳು ಕೇಳಿದಳು. ಕೌದಿಗೆ ಆ ಮಾತು ಪೂರ್ತಿ ಸರಿ. ಅಡಿಯಲ್ಲಿ ಹಳೆ ಸೀರೆ, ಧೋತರ ಇರುತ್ತದೆ. ತುಂಡಿನ ಅಂಚು ಮಡಚಿ ಮೇಲೆ ಇಡುತ್ತೀರಿ, ದಾರ ಓಡಿಸುತ್ತೀರಿ. ಅಳತೆ ಎಲ್ಲ ಕಣ್ಣಲ್ಲೇ. ಬ್ಲಾಕಿನಲ್ಲಿ ಅಡಿ ಬಟ್ಟೆಯೇ ಇಲ್ಲ. ತುಂಡಿಗೆ ತುಂಡೇ ಆಧಾರ. ಇನ್ನೊಂದು ವಿಷಯ, ಕೌದಿಯನ್ನು ಒಬ್ಬರೋ ಇಬ್ಬರೋ ಕೂತು ಹೊಲಿಯುತ್ತಾರೆ. ಒಂದೇ ಕೈಯ ತಪ್ಪು ಎಲ್ಲಾ ಕಡೆ ಒಂದೇ ಥರ ಇರುತ್ತದೆ, ಹಾಗಾಗಿ ಅದು ಕಾಣುವುದೇ ಇಲ್ಲ. ನಮ್ಮಲ್ಲಿ ಒಂದು ಹೊದಿಕೆಯ ಬ್ಲಾಕುಗಳು ಹತ್ತು ಕೈಯಿಂದ ಬರುತ್ತವೆ.

ಲೆಕ್ಕ ನೋಡಿ. ಹೊಲಿಗೆಯ ಮಾರ್ಜಿನ್, ಅಂದರೆ ಹೊಲಿಗೆಯಿಂದ ಅಂಚಿನವರೆಗೆ ಬಿಡುವ ಬಟ್ಟೆ, ಕಾಲು ಇಂಚು. ಇಂಚಿನ ಎಂಟನೇ ಒಂದು ಪಾಲು ಒಂದು ಸೂತ, ಹಾಗಾಗಿ ಎರಡು ಸೂತ. ಒಬ್ಬಳ ಹೊಲಿಗೆ ಒಂದೇ ಒಂದು ಮಿಲಿಮೀಟರ್ ಒಳಗೆ ಹೋಯಿತು ಅಂದುಕೊಳ್ಳಿ. ಎರಡೂ ತುಂಡಿನಿಂದ ಸೇರಿ ಪ್ರತಿ ಹೊಲಿಗೆಗೆ 2 ಮಿ.ಮೀ. ಹೋಯಿತು. ಸಾಲಿನಲ್ಲಿ ನಾಲ್ಕು ಚೌಕ, ನಡುವೆ ಮೂರು ಹೊಲಿಗೆ. 6 ಮಿ.ಮೀ. ಕಡಿಮೆ. ಪಕ್ಕದವಳ ಬ್ಲಾಕು ಸರಿಯಾಗಿದ್ದರೆ ಈ ಎರಡು ಬ್ಲಾಕು ಎಂದಿಗೂ ಕೂಡುವುದಿಲ್ಲ. ಎಳೆದು ಕೂಡಿಸಿದರೆ ಮಧ್ಯದಲ್ಲಿ ಉಬ್ಬಿ ನಿಲ್ಲುತ್ತದೆ.

ಅದಕ್ಕೇ ಮಷೀನಿಗೆ ಕೂರುವ ಮೊದಲು ಎಲ್ಲರಿಂದ ಒಂದು ಪರೀಕ್ಷೆ ಮಾಡಿಸುತ್ತೇನೆ. ಒಂದೂವರೆ ಇಂಚಿನ ಮೂರು ಪಟ್ಟಿ ಜೋಡಿಸಿ ಹೊಲಿಯಬೇಕು. ಇಸ್ತ್ರಿ ಹಾಕಿ ಅಳೆದರೆ ನಡುವಿನ ಪಟ್ಟಿ ಸರಿಯಾಗಿ ಒಂದು ಇಂಚು ಇರಬೇಕು. ಇಲ್ಲದಿದ್ದರೆ ಸೂಜಿಯಿಂದ ಕಾಲು ಇಂಚು ದೂರಕ್ಕೆ ಪ್ಲೇಟಿನ ಮೇಲೆ ನಾಲ್ಕೈದು ಪದರ ಟೇಪು ಅಂಟಿಸಿ, ಬಟ್ಟೆಯ ಅಂಚು ಅದಕ್ಕೆ ತಾಗಿಸಿ ಓಡಿಸುವುದು. ಇಷ್ಟಕ್ಕೇ ಅರ್ಧ ಜಗಳ ಮುಗಿಯುತ್ತದೆ.

ಉಳಿದರ್ಧ ಕ್ರಾಸಿನದು. ಕ್ರಾಸ್ ಕಟಿಂಗ್ ಬ್ಲೌಸು ಮೈಗೆ ಹೊಂದುತ್ತದೆ ಅಲ್ವಾ, ಓರೆಯಾಗಿ ಕತ್ತರಿಸಿದ ಬಟ್ಟೆ ಎಳೆದರೆ ಹಿಗ್ಗುತ್ತದೆ ಅನ್ನುವುದೇ ಕಾರಣ. ತ್ರಿಕೋನದ ಉದ್ದನೆಯ ಬದಿಯೂ ಕ್ರಾಸ್. ಮೊದಲೇ ತ್ರಿಕೋನ ಕತ್ತರಿಸಿಟ್ಟು ಆಮೇಲೆ ಜೋಡಿಸಿದರೆ ಸುಮ್ನೆ ಕೈಯಲ್ಲಿ ಹಿಡಿದರೂ ಜಗ್ಗುತ್ತದೆ. ಹಾಗಾಗಿ ನಾವು ಕತ್ತರಿಸುವ ಮೊದಲೇ ಹೊಲಿಯುತ್ತೇವೆ. ಎರಡು ಚೌಕಗಳನ್ನು ಬಣ್ಣದ ಮೈ ಒಳಗೆ ಮಾಡಿ ಜೋಡಿಸಿ, ಮೂಲೆಯಿಂದ ಮೂಲೆಗೆ ಚಾಕ್‌ಪೀಸಿನಲ್ಲಿ ಗೆರೆ ಹಾಕಿ, ಗೆರೆಯ ಎರಡೂ ಪಕ್ಕ ಕಾಲು ಇಂಚು ಬಿಟ್ಟು ಹೊಲಿಗೆ. ಆಮೇಲೆ ಗೆರೆಯ ಮೇಲೆ ಕತ್ತರಿ. ಬಿಡಿಸಿದರೆ ಎರಡು ಚೌಕ. ದೊಡ್ಡ ಆರ್ಡರಿಗೆ 8 ಇಂಚಿನ ಚೌಕ ತೆಗೆದುಕೊಂಡು ಎರಡೂ ಓರೆಗೆರೆ ಹಾಕಿ, ಎರಡಕ್ಕೂ ಹಾಗೆಯೇ ಹೊಲಿಗೆ ಹಾಕಿ, ಅಡ್ಡ, ಉದ್ದ, ಎರಡೂ ಓರೆ ಕತ್ತರಿಸಿದರೆ ಒಂದೇ ಸಲ ಎಂಟು ಸಿಗುತ್ತವೆ. ನಾಲ್ಕೂ ಅಂಚಿಗೆ ಹೊಲಿದು ಓರೆಯಾಗಿ ಕತ್ತರಿಸುವ ಇನ್ನೊಂದು ದಾರಿಯೂ ಇದೆ. ಬೇಗ ಆಗುತ್ತದೆ. ಆದರೆ ಚೌಕದ ಹೊರ ಅಂಚೆಲ್ಲ ಕ್ರಾಸ್ ಆಗುತ್ತದೆ. ನನಗೆ ಅದು ಸೇರುವುದಿಲ್ಲ.

ಇನ್ನು ಎಷ್ಟು ಇಂಚಿನ ಚೌಕ ಕತ್ತರಿಸಬೇಕು ಅನ್ನುವ ಪ್ರಶ್ನೆ. ಎಲ್ಲಾ ಬದಿ ಹೊಲಿದು ಮುಗಿದ ಮೇಲಿನ ಅಳತೆಗೆ ಏಳು ಸೂತ ಸೇರಿಸು ಅನ್ನುವುದು ರೂಢಿ. 3 ಇಂಚು ಬೇಕಾದರೆ 3 ಇಂಚು 7 ಸೂತ. ಇದು ಗಾಳಿಯಲ್ಲಿ ಬಂದ ಸಂಖ್ಯೆಯಲ್ಲ. ಎರಡು ನೇರ ಬದಿಗೆ ಕಾಲು ಕಾಲು ಇಂಚು ಹೋಗುತ್ತದೆ, ಅರ್ಧ ಇಂಚು. ಓರೆ ಬದಿಯ ಕಾಲು ಇಂಚು ಮೂಲೆಯಲ್ಲಿ 1.414 ಪಟ್ಟು ಜಾಗ ತಿನ್ನುತ್ತದೆ, 0.354. ಒಟ್ಟು 0.854 ಇಂಚು. ಏಳು ಸೂತ ಅಂದರೆ 0.875. ಮಿಕ್ಕ ಚೂರನ್ನು ಬಟ್ಟೆಯ ಮಡಿಕೆ ನುಂಗುತ್ತದೆ.

ಲೆಕ್ಕ ಚಂದ ಇದೆ, ಆದರೆ ಶೆಡ್ಡಿನಲ್ಲಿ ನಾನು ಅದನ್ನು ಬಳಸುವುದಿಲ್ಲ. 4 ಇಂಚೇ ಕತ್ತರಿಸಿ ಅನ್ನುತ್ತೇನೆ. ಹೊಲಿದು ಬಿಡಿಸಿದಾಗ, ಎರಡು ಬದಿಯ ಮಾರ್ಜಿನ್ ಸೇರಿ ಬೇಕಾದ ಮೂರೂವರೆ ಇಂಚಿಗಿಂತ ಒಂದು ಸೂತ ದೊಡ್ಡದು ಬರುತ್ತದೆ. ಆ ಸೂತವನ್ನು ಕೊನೆಗೆ ಸಮ ಕತ್ತರಿಸುವುದು. ಯಾರ ಹೊಲಿಗೆ ಸೊಟ್ಟ, ಯಾರ ಇಸ್ತ್ರಿ ಜಗ್ಗಿತು, ಎಲ್ಲವೂ ಅಲ್ಲೇ ತೀರುತ್ತದೆ. ಬಟ್ಟೆ ಸ್ವಲ್ಪ ದಂಡ ಆಗುತ್ತದೆ, ಆಗಲಿ.

ತೊಂದರೆ ಬಂದದ್ದು ಕೂಲಿಯಲ್ಲಿ. ನಮ್ಮಲ್ಲಿ ಬ್ಲಾಕಿಗೆ ಇಷ್ಟು ಅಂತ ರೇಟು. 16 ಚೌಕ, ಒಂದೊಂದಕ್ಕೆ ನಾಲ್ಕು ಬದಿ, 64 ಸಲ ಕತ್ತರಿ ಆಡಬೇಕು. ಆ ಹೊತ್ತಿನಲ್ಲಿ ಇನ್ನೊಂದು ಬ್ಲಾಕು ಹೊಲಿದರೆ ದುಡ್ಡು ಬರುತ್ತದೆ. ಯಾರು ಕತ್ತರಿಸುತ್ತಾರೆ? ಎಷ್ಟು ಬೈದರೂ ಅಷ್ಟೇ. ಮಾಲೀಕರಿಗೆ ಹೆಂಗಸರ ಸೋಮಾರಿತನ ಅಂತ ಅನ್ನಿಸಿತ್ತು. ನನಗೆ ಹಾಗೆ ಕಾಣಲಿಲ್ಲ. ರೇಟಿನಲ್ಲಿ ಇಲ್ಲದ ಕೆಲಸವನ್ನು ಪುಕ್ಕಟೆ ಮಾಡಿ ಅಂತ ಕೇಳುತ್ತಿದ್ದೆವು. ಹಾಗಾಗಿ ಸಮ ಕತ್ತರಿಸುವುದಕ್ಕೆ ಬೇರೆ ರೇಟು ಹಾಕಿಸಿದೆ. ಅದಕ್ಕೊಂದು ಬೇರೆ ಟೇಬಲ್ಲು, ಪುಸ್ತಕದಲ್ಲಿ ಬೇರೆ ಕಾಲಮ್ಮು. ವಾಪಸ್ ಬಿಚ್ಚುವ ಬ್ಲಾಕುಗಳ ಗಂಟು ಕರಗಿದ ಮೇಲೆ ಮಾಲೀಕರೂ ಮಾತಾಡಲಿಲ್ಲ.

ದುಡ್ಡು ಬಂದ ಕೂಡಲೇ ತಲೆ ಓಡಿಸಿದ್ದು ನಮ್ಮ ಕಾಕಿ. ವಯಸ್ಸಾದವಳು, ಕೌದಿಯಲ್ಲಿ ಪಳಗಿದವಳು. "ಬಿಡಿಸಿ ನಾಕ್ ಕಡೆ ಯಾಕ ಕತ್ತರಸ್ತೀರಿ? ಮಡಚಿದ್ದಾಗ ಎರಡು ಕಡೆ ಕತ್ತರಿಸ್ರಿ" ಅಂದಳು. ಮೂರೂವರೆ ಇಂಚಿನ ಬದಿಗಳಿರುವ ಒಂದು ಕಾಟಕೋನದ, ಅಂದರೆ ಲಂಬಕೋನ ತ್ರಿಕೋನದ, ತಗಡಿನ ತುಂಡು ಮಾಡಿಸಿದಳು. ಅದರ ಉದ್ದ ಬದಿಯನ್ನು ಹೊಲಿಗೆಯ ಮೇಲೇ ಸರಿಯಾಗಿ ಇಡುವುದು, ಹೊರಗುಳಿದ ಎರಡು ಬದಿ ಕತ್ತರಿಸುವುದು. ಬಿಡಿಸಿದರೆ ಮೂರೂವರೆ ಇಂಚಿನ ಚೌಕ. 64 ಇದ್ದದ್ದು 32 ಆಯಿತು. ಒಂದೇ ಷರತ್ತು, ಆಮೇಲೆ ಇಸ್ತ್ರಿ ಎಳೆಯಬಾರದು. ಮೊದಲು ಮಡಚಿದ್ದಾಗಲೇ ಹೊಲಿಗೆಯ ಮೇಲೆ ಒತ್ತಿ, ಆಮೇಲೆ ಬಿಡಿಸಿ, ಮಾರ್ಜಿನ್ ಗಾಢ ಬಣ್ಣದ ಕಡೆ ಮಾಡಿ, ಇಸ್ತ್ರಿಯನ್ನು ಎತ್ತಿ ಎತ್ತಿ ಇಡಬೇಕು. ಹಾಗೆ ಒಂದೇ ಕಡೆ ಮಡಚಿದ್ದರೆ ಗಿರಿಗಿಟ್ಟಲೆಯ ಮಧ್ಯದಲ್ಲಿ ಎದುರು ಬದುರಿನ ಮಾರ್ಜಿನ್‌ಗಳು ಒಂದರ ಪಕ್ಕ ಒಂದು ಕೂತುಕೊಳ್ಳುತ್ತವೆ, ಮೂಲೆ ಕೂಡುವುದಕ್ಕೆ ಪಿನ್ನೂ ಬೇಡ.

ಯೂನಿಫಾರ್ಮಿನ ಕಟ್‌ಪೀಸ್ ಮಾತ್ರ ಈ ಕೆಲಸಕ್ಕೆ ಬಿಡುವುದಿಲ್ಲ. ಅದರಲ್ಲಿ ಪಾಲಿಯೆಸ್ಟರ್ ಇರುತ್ತದೆ. ಕಾಟನ್ ಜೊತೆ ಸೇರಿದರೆ ತೊಳೆದಾಗ ಒಂದು ಕುಗ್ಗುತ್ತದೆ, ಒಂದು ಕುಗ್ಗುವುದಿಲ್ಲ.

ಹೊಸದಾಗಿ ಬಂದವರನ್ನು ಈಗ ಮೊದಲು ಕತ್ತರಿಸುವ ಟೇಬಲ್ಲಿಗೇ ಕೂರಿಸುತ್ತೇನೆ. ಬೇರೆಯವರ ಹೊಲಿಗೆ ಎಲ್ಲಿ ಓಡಿದೆ ಅಂತ ನೋಡಿ ನೋಡಿ ಕಣ್ಣು ಪಳಗುತ್ತದೆ. ಕಾಕಿಗೆ ಮಾತ್ರ ತನ್ನ ತಗಡನ್ನು ಯಾರ ಕೈಗೂ ಕೊಡಲು ಮನಸ್ಸಿಲ್ಲ. ಅದಕ್ಕೇ ಇನ್ನೆರಡು ಮಾಡಿಸಿದ್ದೇವೆ.