45586 ‘ಮೈಸೂರ್’: ಹೆಸರುಫಲಕ ಕೊನೆಗೂ ಕೂತಿತು

ಮೂರನೇ ಸಲಕ್ಕೆ ಕೂತಿತು! ನಿನ್ನೆ ರಾತ್ರಿ ನನ್ನ ಮಾಡೆಲ್ ರೈಲು ಎಂಜಿನ್ನಿನ ಎಡಬದಿಯ ಫಲಕವನ್ನು ಸ್ಪ್ಲ್ಯಾಷರ್ (ಚಕ್ರದ ಮೇಲಿನ ಕಮಾನಿನಾಕಾರದ ಹೊದಿಕೆ) ಮೇಲಿಟ್ಟು ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿದೆ. ಕೆಳಗೆ ಒಂದೆಳೆ ಬೆಳಕೂ ನುಸುಳಲಿಲ್ಲ.

ಎಲ್‌ಎಂಎಸ್‌ನ (ಬ್ರಿಟನ್ನಿನ ಹಳೆಯ ರೈಲು ಕಂಪನಿ) ಜೂಬಿಲಿ ವರ್ಗದ 191 ಉಗಿ ಎಂಜಿನ್ನುಗಳಲ್ಲಿ ನಮ್ಮ ಸಂಸ್ಥಾನದ ಹೆಸರು (MYSORE) ಹೊತ್ತದ್ದು 5586. 1948ರ ರಾಷ್ಟ್ರೀಕರಣದ ಮೇಲೆ ಅದೇ 45586 ಆಯಿತು. ಮಾಡೆಲ್ಲಿನ ಹಸಿರು ಬಣ್ಣ, ಲೈನಿಂಗ್ (ಅಂಚಿನ ಗೆರೆಗಳು), ನಂಬರು ಎಲ್ಲ ಎರಡು ವಾರದಲ್ಲಿ ಮುಗಿದಿತ್ತು. ಫಲಕ ಒಂದೇ ನಾಲ್ಕು ತಿಂಗಳು ತಿಂದಿತು.

ಜೂಬಿಲಿಯ ಫಲಕ ಸ್ಪ್ಲ್ಯಾಷರ್ ನೆತ್ತಿಯ ಮೇಲೆ ಕಮಾನಿನಂತೆ ನೆಟ್ಟಗೆ ನಿಲ್ಲುತ್ತದಲ್ಲ, ತೊಡಕು ಇರುವುದೇ ಅಲ್ಲಿ. ತರಿಸಿದ ಎಚ್ಚಿಂಗ್ ಫಲಕ (ಹಿತ್ತಾಳೆ ತಗಡನ್ನು ರಾಸಾಯನಿಕದಿಂದ ಕೊರೆದು ಮಾಡಿದ್ದು) 16 ಮಿ.ಮೀ. ಉದ್ದ, ಅದರ ಬಾಗಿನ ತ್ರಿಜ್ಯ 17 ಮಿ.ಮೀ. ನನ್ನ ಮಾಡೆಲ್‌ನ ಸ್ಪ್ಲ್ಯಾಷರ್ 15. ನಡು ತಾಗುತ್ತದೆ, ಎರಡು ತುದಿಯೂ 0.3 ಮಿ.ಮೀ. ಮೇಲೇಳುತ್ತವೆ. ನಿಜವಾದ ಎಂಜಿನ್ನಿನ ಲೆಕ್ಕಕ್ಕೆ ಅದು ಎರಡು ಸೆಂಟಿಮೀಟರಿಗೂ ಹೆಚ್ಚಿನ ಸಂದು! ಕಾಯಿಸಿ ಮೆತ್ತಗೆ ಮಾಡಿ ಬಗ್ಗಿಸೋಣ ಅಂದರೆ, ಹಿತ್ತಾಳೆ ತಗಡು ಹಿಂದಕ್ಕೆ ಮುಂದಕ್ಕೆ ಬಾಗೀತೇ ಹೊರತು ತನ್ನದೇ ಸಮತಲದಲ್ಲಿ ಬಾಗುವುದಿಲ್ಲ. ಅರದಿಂದ ನಡುಭಾಗ ತೀಡಿದೆ. ತುದಿಗಳು ಇಳಿದವು, ಆದರೆ ‘ಎಸ್’ ಮತ್ತು ‘ಓ’ ಕೆಳಗಿನ ಅಂಚುಪಟ್ಟಿಯೇ ಸವೆದುಹೋಯಿತು.

ಮಾರಿದವರಿಗೆ ಅಳತೆ ಸಮೇತ ಬರೆದರೆ, ‘ಎಲ್ಲ ಮಾಡೆಲ್‌ಗೂ ಹೊಂದುತ್ತದೆ’ ಅಂತ ಒಂದೇ ಸಾಲಿನ ಉತ್ತರ. ಬದಲಿಗೆ ಬಂದ ಎರಡನೇ ಜೋಡಿಯೂ ಅದೇ 17. ತ್ರಿಜ್ಯವನ್ನು ಪೊಟ್ಟಣದ ಮೇಲೆ ಅಚ್ಚು ಹಾಕಲು ಇವರಿಗೇನು ಕಷ್ಟ? ಬೇಸರ ಬಂದು ನಾನೇ ಚಿತ್ರ ಬರೆದು ಎಚ್ಚಿಂಗ್‌ಗೆ ಕೊಟ್ಟೆ.

ಅಕ್ಷರ ಎಲ್ಲಿಂದ ತರುವುದು? ಕಂಪ್ಯೂಟರಿನ ಯಾವ ಫಾಂಟೂ ಒಪ್ಪಲಿಲ್ಲ. ಆಗ ಹೊಳೆಯಿತು: ಉಳಿದಿರುವ ಜೂಬಿಲಿಗಳು ನಾಲ್ಕು. ‘ಕೊಲ್ಹಾಪುರ್’ನಲ್ಲಿ ‘ಓ’, ‘ಆರ್’ ಇವೆ. ‘ಬಹಾಮಾಸ್’ನಲ್ಲಿ ‘ಎಂ’, ‘ಎಸ್’. ‘ಲಿಯಾಂಡರ್’ನಲ್ಲಿ ‘ಇ’. ಐದು ಅಕ್ಷರ ಸಿಕ್ಕವು! ‘ವೈ’ ಮಾತ್ರ ನಾಲ್ಕನೆಯ ‘ಗಲಾಟಿಯಾ’ದಲ್ಲೂ ಇಲ್ಲ. ಅದನ್ನು ‘ಮೈಸೂರ್’ನದೇ ಹಳೆಯ ಫೋಟೋದಿಂದ ಎತ್ತಿದೆ. ಪಕ್ಕದಿಂದ ನೇರವಾಗಿ ತೆಗೆದ ಚಿತ್ರವಾದರೆ ದೊಡ್ಡ ಚಕ್ರವೇ ಅಳತೆಕೋಲು: ವ್ಯಾಸ 6 ಅಡಿ 9 ಇಂಚು, ನಮ್ಮ ಓಓ ಸ್ಕೇಲಿಗೆ (ಒಂದು ಅಡಿಗೆ 4 ಮಿ.ಮೀ.) 27 ಮಿ.ಮೀ. ಉಳಿದದ್ದೆಲ್ಲ ಅದರಿಂದ ಲೆಕ್ಕಕ್ಕೆ ಸಿಗುತ್ತದೆ. ಆದರೆ ಪದವನ್ನು ಒಟ್ಟಾಗಿ ಬಗ್ಗಿಸಬೇಡಿ, ಅಕ್ಷರದ ಕಾಲುಗಳು ಸೊಟ್ಟಗಾಗುತ್ತವೆ. ಒಂದೊಂದನ್ನೇ ಕಮಾನಿನ ಕೇಂದ್ರಕ್ಕೆ ತಿರುಗಿಸಿ ಇಡಿ. ಎಚ್ಚಿಂಗ್‌ಗೆ ಕೊಡುವ ಮುಂಚೆ ತೆಳು ಕಾರ್ಡಿನ ಮೇಲೆ ಅಚ್ಚು ತೆಗೆದು, ಕತ್ತರಿಸಿ, ಸ್ಪ್ಲ್ಯಾಷರ್ ಮೇಲೆ ನಿಲ್ಲಿಸಿ ನೋಡಿ. ನಾನು ಏಳು ಕಾರ್ಡ್ ಕತ್ತರಿಸಿದೆ.

ಫಲಕ ಕೊಳ್ಳುವವರು ಮೊದಲು ಇಸವಿ ಗಟ್ಟಿಮಾಡಿಕೊಳ್ಳಿ. ಕೆಲವು ಜೂಬಿಲಿಗಳ ಹೆಸರು ನಡುವೆ ಬದಲಾಗಿದೆ: ‘ಮಾಲ್ಟಾ’ 1943ರಲ್ಲಿ ‘ಮಾಲ್ಟಾ ಜಿ.ಸಿ.’ ಆಯಿತು, ‘ಟ್ರಾನ್ಸ್-ಜೋರ್ಡಾನ್’ 1946ರಲ್ಲಿ ‘ಏಡನ್’, ‘ಗೋಲ್ಡ್ ಕೋಸ್ಟ್’ 1958ರಲ್ಲಿ ‘ಘಾನಾ’. ಹೆಸರು ಸರಿಯಿದ್ದೂ ಕಾಲ ತಪ್ಪಿದರೆ ಇಡೀ ಎಂಜಿನ್ನೇ ತಪ್ಪು. ನನ್ನದು 1956, ಆ ಇಸವಿ ಆರಿಸಿದ್ದಕ್ಕೆ ಕಾರಣ ಇದೆ.

45575 ‘ಮದ್ರಾಸ್’, 45576 ‘ಬಾಂಬೆ’, 45585 ‘ಹೈದರಾಬಾದ್’, 45586 ‘ಮೈಸೂರ್’. ಆ ವರ್ಷದ ನವೆಂಬರ್ 1ಕ್ಕೆ ಇಲ್ಲಿ ಯಾವ ಯಾವ ಸೀಮೆ ಕೂಡಿ ನಮ್ಮ ರಾಜ್ಯವಾಯಿತೋ, ಅವುಗಳಲ್ಲಿ ನಾಲ್ಕರ ಹೆಸರು ಹೊತ್ತ ಎಂಜಿನ್ನುಗಳು ಅತ್ತ ಬ್ರಿಟನ್ನಿನಲ್ಲಿ ಓಡುತ್ತಿದ್ದವು. ನಾಲ್ಕನ್ನೂ ಒಂದೇ ಶೆಡ್ಡಿನಲ್ಲಿ ಸಾಲಾಗಿ ನಿಲ್ಲಿಸಬೇಕು. ಕೊಡಗಿನ ಹೆಸರಿನ ಜೂಬಿಲಿ ಇಲ್ಲವಲ್ಲ ಅನ್ನೋದೊಂದೇ ಕೊರಗು. ‘ಹೈದರಾಬಾದ್’ನ ಬಾಡಿ ಆಗಲೇ ಮೇಜಿನ ಮೇಲಿದೆ. ಒಂಬತ್ತು ಅಕ್ಷರ, ಅದರಲ್ಲೂ ಒಂದು ‘ವೈ’. ಈ ಸಲ ಅದು ನನ್ನ ಹತ್ತಿರ ತಯಾರಿದೆ.